ಪಕ್ಕದಲ್ಲಿ ಕೂರುವವರು

ಡಿಸೆಂಬರ್ ಬಂತೆಂದರೆ ಹೆಬ್ರಿಯಲ್ಲಿ ಬೆಳಗ್ಗೆ ಬೇಗ ಏಳುವುದು ಕಷ್ಟ. ಆಗುಂಬೆ ಘಾಟಿಯ ಕಡೆಯಿಂದ ಚಳಿ ಇಳಿಯುತ್ತದೆ. ಇಗರ್ಜಿಗಳಲ್ಲಿ, ಕ್ರೈಸ್ತ ಬಂಧುಗಳ ಮನೆಗಳಲ್ಲಿ ಗೋದಲಿಗೆ ಹುಲ್ಲಿನ ಮಾಡು ಏರುತ್ತದೆ. ನೆವ್ರಿ, ಕಿಡಿಯೊ, ಚಕ್ಕುಲಿ ತುಂಬಿದ ಕುಸ್ವಾರ್ ತಟ್ಟೆ ನೆರೆಮನೆಗಳಿಗೂ ಬರುತ್ತದೆ. ಯಕ್ಷಗಾನ ಮೇಳಗಳು ಆಗಲೇ ತಿರುಗಾಟಕ್ಕೆ ಹೊರಟಿರುತ್ತವೆ. ಕೆಲವು ಶಾಲೆಗಳಿಗೆ ನಾಲ್ಕಾರು ದಿನ ರಜೆ. ಆಗ ಮಕ್ಕಳದ್ದು ಒಂದೇ ವರಾತ: ಸಿನಿಮಾಕ್ಕೆ ಹೋಗುವ.

ಕ್ರಿಸ್‌ಮಸ್ ಹೊತ್ತಿಗೆ ಮಾಯಾಲೋಕದ ಕಥೆಗಳು ತೆರೆಗೆ ಬರುವುದು ಹೊರದೇಶಗಳಲ್ಲಿ ಹಳೆಯ ರೂಢಿ. ನಮ್ಮಲ್ಲೂ ಅಂಥವು ಬಂದಿವೆ. ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ ನಾಯಕರಾಗಿದ್ದ ‘ಅವನೇ ಶ್ರೀಮನ್ನಾರಾಯಣ’ ತೆರೆಕಂಡದ್ದು 2019ರ ಡಿಸೆಂಬರ್ 27ರಂದು. ಭೂಪಟದಲ್ಲಿಲ್ಲದ ಅಮರಾವತಿ ಎಂಬ ಊರು, ಬಚ್ಚಿಟ್ಟ ನಿಧಿ, ಆ ನಿಧಿಯ ಗುಟ್ಟಿನ ಜೊತೆ ತಳುಕು ಹಾಕಿಕೊಂಡ ಒಂದು ನಾಟಕ ಮಂಡಳಿ. ಕಲ್ಪನೆಯ ಕಥೆಗೆ ಬೇಕಾದ ಸಾಮಗ್ರಿಯನ್ನು ನಮ್ಮ ರಂಗಭೂಮಿಯಿಂದಲೇ ಎತ್ತಿಕೊಂಡದ್ದು ನನಗೆ ತುಂಬ ಹಿಡಿಸಿತು. ಆದರೆ ಮೂರು ಗಂಟೆಗೂ ಮಿಕ್ಕಿದ ಚಿತ್ರ ಅದು. ಆರೇಳು ವರ್ಷದ ಮಗುವಿಗೆ ಹೆಚ್ಚಾಯಿತು. 2024ರ ಕ್ರಿಸ್‌ಮಸ್ ದಿನವೇ ಮೋಹನ್‌ಲಾಲ್ ಮೊದಲ ಬಾರಿಗೆ ನಿರ್ದೇಶಿಸಿದ ಮಲಯಾಳದ ‘ಬರೋಜ್’ ಬಂತು. ನಾಲ್ಕು ಶತಮಾನಗಳಿಂದ ವಾಸ್ಕೋ ಡ ಗಾಮನ ನಿಧಿಯನ್ನು ಕಾಯುತ್ತಿರುವ ಭೂತ, ಅದನ್ನು ಕಾಣಬಲ್ಲ ಒಬ್ಬ ಹುಡುಗಿ. ಚಿತ್ರ ಓಡಲಿಲ್ಲ. ಆದರೂ ಅದರ ಬೇರು ಹಿಡಿದು ಹೋದರೆ ಒಂದು ಸೊಗಸಾದ ಜಾಗ ಸಿಗುತ್ತದೆ.

‘ಬರೋಜ್’ನ ಮೂಲ ಕಥೆ ಜಿಜೋ ಪುನ್ನೂಸ್ ಅವರದು. 1984ರಲ್ಲಿ ಭಾರತದ ಮೊದಲ 3ಡಿ ಚಿತ್ರ ‘ಮೈ ಡಿಯರ್ ಕುಟ್ಟಿಚಾತನ್’ ನಿರ್ದೇಶಿಸಿದವರು ಇವರೇ. ಕುಟ್ಟಿಚಾತ ಎಂದರೆ ನಮ್ಮ ಕಡೆ ಹಿರಿಯರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಮಾಡಿನ ಮೇಲೆ ಕಲ್ಲು ಬಿದ್ದರೆ, ಉಣ್ಣುವ ಅನ್ನದಲ್ಲಿ ಕೂದಲು ಕಂಡರೆ, ಒಣಗಲು ಹಾಕಿದ ಬಟ್ಟೆಗೆ ತಾನಾಗಿ ಬೆಂಕಿ ಹಿಡಿದರೆ ಅದು ಕುಟ್ಟಿಚಾತನ ಉಪದ್ರ. ಅಂಥವನನ್ನು ಈ ಚಿತ್ರ ಮಕ್ಕಳ ಗೆಳೆಯನನ್ನಾಗಿ ಮಾಡಿತು! ಮಂತ್ರವಾದಿಯ ಕಟ್ಟಿನಿಂದ ಅವನನ್ನು ಬಿಡಿಸುವವರು ಮೂವರು ಪುಟಾಣಿಗಳು. ಒಂದು ಹಾಡಿನಲ್ಲಿ ಮಕ್ಕಳು ಕೋಣೆಯ ಗೋಡೆ ಹತ್ತಿ, ಮುಚ್ಚಿಗೆಯ ಮೇಲೆ ತಲೆಕೆಳಗಾಗಿ ನಡೆದು, ಇನ್ನೊಂದು ಗೋಡೆಯಿಂದ ಇಳಿದು ಬರುತ್ತಾರೆ. ಕಂಪ್ಯೂಟರ್ ಚಮತ್ಕಾರ ಇಲ್ಲದ ಕಾಲ. ಇಡೀ ಕೋಣೆಯನ್ನೇ ಉಕ್ಕಿನ ಚೌಕಟ್ಟಿನೊಳಗೆ ಕೂರಿಸಿ ಸುತ್ತಿಸಿದರು. ಕ್ಯಾಮೆರಾ ಕೋಣೆಯ ಜೊತೆಗೇ ತಿರುಗಿತು. ಈ ಗುಟ್ಟು ಗೊತ್ತಾದ ಮೇಲೆ ನೋಡಿದರೂ ಬೆರಗು ಕಡಿಮೆಯಾಗುವುದಿಲ್ಲ.

ಬಯಲಾಟದಲ್ಲೂ ಹೀಗೆಯೇ. ಮಗುವನ್ನು ಒಮ್ಮೆ ಮೇಳದ ಚೌಕಿಗೆ ಕರೆದುಕೊಂಡು ಹೋಗಿ. ಬಣ್ಣದ ವೇಷಧಾರಿ ಕನ್ನಡಿಯ ಮುಂದೆ ಕೂತು, ಅಕ್ಕಿ ಹಿಟ್ಟಿಗೆ ಸುಣ್ಣ ಬೆರೆಸಿದ ಹದವಾದ ಮಿಶ್ರಣವನ್ನು ಕಡ್ಡಿಯ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಮುಖಕ್ಕೆ ಇಡುತ್ತಿರುತ್ತಾರೆ. ಅದಕ್ಕೆ ಚಿಟ್ಟಿ ಎನ್ನುತ್ತಾರೆ. ಒಂದು ಸಾಲು ಒಣಗಬೇಕು, ಮೇಲೆ ಇನ್ನೊಂದು ಸಾಲು. ಗಂಟೆಗಟ್ಟಲೆಯ ತಾಳ್ಮೆ. ಸಾಧಾರಣ ಮನುಷ್ಯರೊಬ್ಬರು ಕಣ್ಣೆದುರೇ ರಕ್ಕಸನಾದದ್ದನ್ನು ಮಗು ನೋಡಿರುತ್ತದೆ. ಆದರೂ ನಡುರಾತ್ರಿ ಚೆಂಡೆ ಏರಿ, ದೀವಟಿಗೆಗೆ ಎರಚಿದ ರಾಳದ ಹುಡಿ ಭಗ್ಗನೆ ಉರಿದು, ತೆರೆಯ ಹಿಂದಿನಿಂದ ಆರ್ಭಟ ಕೇಳಿದಾಗ ಅದೇ ಮಗು ಅಜ್ಜಿಯ ಸೀರೆಯ ಸೆರಗು ಹಿಡಿಯುತ್ತದೆ. ಹಿಡಿದುಕೊಂಡೇ ಇಣುಕಿ ನೋಡುತ್ತದೆ. ಆ ಹೆದರಿಕೆ ಮಗುವಿಗೆ ಬೇಕು; ಹಿಡಿಯಲು ಸೆರಗು ಇರಬೇಕು, ಅಷ್ಟೇ.

ನನ್ನ ಕಳವಳ ಇರುವುದು ಇಲ್ಲಿ. ಇವತ್ತು ಇಂಥ ಕಥೆಗಳನ್ನು ಎಷ್ಟೋ ಮಕ್ಕಳು ಕೋಣೆಯ ಮೂಲೆಯಲ್ಲಿ ಒಂಟಿಯಾಗಿ, ಅಂಗೈಯಗಲದ ಪರದೆಯಲ್ಲಿ ನೋಡುತ್ತಾರೆ. ರಕ್ಕಸ ಬಂದಾಗ ಕೈ ಹಿಡಿಯುವವರಿಲ್ಲ. ‘ಅವನು ಯಾಕೆ ಹಾಗೆ ಮಾಡಿದ’ ಎಂದು ಕೇಳಿದರೆ ಹೇಳುವವರಿಲ್ಲ. ಚಿತ್ರ ಒಳ್ಳೆಯದೇ ಇರಬಹುದು, ಆದರೆ ಕುಟುಂಬ ಸಮೇತ ನೋಡುವ ಚಿತ್ರವನ್ನು ಮಗು ಒಂದೇ ನೋಡಿದರೆ ಅದರ ಅರ್ಧ ಕೈತಪ್ಪಿದ ಹಾಗೆ.

ಯಾವ ಚಿತ್ರ ಎಂದು ಕೇಳುವವರಿಗೆ ಒಂದು ಮಾತು. ಸೆನ್ಸಾರ್ ಪ್ರಮಾಣಪತ್ರವನ್ನು ನಾವು ಲಕ್ಷ್ಯವಿಟ್ಟು ನೋಡುವುದೇ ಇಲ್ಲ. 1983ರಿಂದ ಇದ್ದ ಯುಎ ದರ್ಜೆಯನ್ನು 2024ರಲ್ಲಿ ಮೂರಾಗಿ ಮಾಡಿದ್ದಾರೆ: ಯುಎ 7+, ಯುಎ 13+, ಯುಎ 16+. ಆ ವಯಸ್ಸಿಗಿಂತ ಚಿಕ್ಕ ಮಕ್ಕಳು ನೋಡಬೇಕೇ ಎಂಬುದನ್ನು ಹೆತ್ತವರು ತೀರ್ಮಾನಿಸಲಿ ಎಂದು ಅದರ ಅರ್ಥ. ಅಂದರೆ ಕಾನೂನೂ ಕೊನೆಯ ಮಾತನ್ನು ನಮಗೇ ಬಿಟ್ಟಿದೆ.

ಹಾಗಾಗಿ, ಬಂಧುಗಳೇ, ಈ ರಜೆಯಲ್ಲಿ ಮಕ್ಕಳನ್ನು ಬಸ್ಸು ಹತ್ತಿಸಿ ಕಾರ್ಕಳಕ್ಕೋ ಉಡುಪಿ, ಮಣಿಪಾಲಕ್ಕೋ ಸಿನಿಮಾಕ್ಕೆ ಕಳುಹಿಸಿ ಸುಮ್ಮನಾಗಬೇಡಿ. ನಿಮಗೂ ಒಂದು ಟಿಕೆಟ್ ತೆಗೆಯಿರಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಸಿನಿಮಾ ಬೇಡವೆಂದಾದರೆ ಹತ್ತಿರದಲ್ಲಿ ಆಟ ಎಲ್ಲಿದೆ ಎಂದು ವಿಚಾರಿಸಿ, ಚಳಿಗೆ ಕಂಬಳಿ ಹಿಡಿದು ಹೊರಡಿ. ಫೋನ್ ಕಿಸೆಯಲ್ಲೇ ಇರಲಿ. ಮಗು ಏನಾದರೂ ಕೇಳಿದರೆ ಉತ್ತರ ಕೊಡಿ.