ಕಂಬಳದ ಓಟಗಾರರು

ಆಟದ ತಂಡವೆಂದೊಡನೆ ನಮ್ಮ ಕಣ್ಣಿಗೆ ಕಾಲೇಜಿನ ಮೈದಾನವು ತೋರುವುದು. ಕಾಪು, ಕಾರ್ಕಳಗಳ ಸೀಮೆಯಲ್ಲಾದರೋ ಎರಡು ಕೋಣಗಳೂ ಒಬ್ಬ ಓಟಗಾರನೂ ಸೇರಿದರೆ ಒಂದು ತಂಡವಾಯಿತು. ಸುಗ್ಗಿ ಮುಗಿದ ಮೇಲೆ, ಸುಮಾರು ನವೆಂಬರಿನಿಂದ ಮಾರ್ಚಿಯವರೆಗೆ, ಇವರ ಪಂದ್ಯಗಳ ಕಾಲ. ಕಾರ್ಕಳದ ಬಳಿ ಮಿಯಾರು, ಕಾಪುವಿನ ಬಳಿ ಕಟಪಾಡಿ ಇದಕ್ಕೆ ಹೆಸರಾದ ಸ್ಥಳಗಳು.

ಕೆಸರುನೀರು ತುಂಬಿದ ಓಟದ ಗದ್ದೆಗೆ ಕರೆಯೆಂದು ಹೆಸರು. ಜೋಡುಕರೆಯಲ್ಲಿ ಎರಡು ಜೋಡಿಗಳು ಒಮ್ಮೆಗೇ ಓಡುವುವು. ಹಗ್ಗ, ನೇಗಿಲು, ಅಡ್ಡಹಲಗೆ ಎಂಬ ವಿಭಾಗಗಳಲ್ಲಿ ವೇಗವೇ ಪ್ರಧಾನ. ಕನೆಹಲಗೆಯಲ್ಲಿ ಹಾಗಲ್ಲ, ಹಲಗೆಯ ರಂಧ್ರಗಳಿಂದ ಚಿಮ್ಮಿದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು.

ನೆರೆಜಿಲ್ಲೆಯ ಐಕಳದಲ್ಲಿ ೨೦೨೦ನೆಯ ಇಸವಿ ಫೆಬ್ರವರಿ ೧ರಂದು ಶ್ರೀನಿವಾಸ ಗೌಡರು ೧೪೨.೫ ಮೀಟರುಗಳನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದರು. ಲೋಕವು ಅವರನ್ನು ಉಸೇನ್ ಬೋಲ್ಟನೊಡನೆ ತೂಗಿ ನೋಡಿತು. ಗೌಡರು ಮಾತ್ರ ಆ ಕೀರ್ತಿಯಲ್ಲಿ ಕೋಣಗಳಿಗೂ ಪಾಲು ಕೊಟ್ಟರು. ನಮಗೆ ಆ ಮಾತೇ ದಾಖಲೆಗಿಂತ ದೊಡ್ಡದಾಗಿ ತೋರುತ್ತದೆ.

ಏಕೆಂದರೆ ಪ್ರಾಣಿಹಿಂಸೆಯ ಆಕ್ಷೇಪದಿಂದಲೇ ೨೦೧೪ರ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಕಂಬಳವು ಕುತ್ತಿಗೆ ಸಿಕ್ಕಿತ್ತು. ೨೦೧೭ರಲ್ಲಿ ಕರ್ನಾಟಕವು ಕಾನೂನನ್ನು ತಿದ್ದಿತು. ೨೦೨೩ರ ಮೇ ೧೮ರಂದು ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅನುಮತಿಯೇನೋ ದೊರೆಯಿತು, ಅದರೊಡನೆ ಹೊಣೆಯೂ ಬಂದಿತು. ತಂಡದ ಮೂವರಲ್ಲಿ ಇಬ್ಬರು ಮೂಕರು. ಅವರ ನೋವನ್ನು ಆಡಿತೋರಿಸಬೇಕಾದವನು ಮೂರನೆಯವನು. ಗೆಲವಿನಲ್ಲಿ ಪಾಲು ಕೊಡುವವನು ಬೆತ್ತವನ್ನೂ ಬಿಗಿಹಿಡಿಯಬೇಕು. ಕರೆಯ ಬದಿಯಲ್ಲಿ ನಿಂತು ಕೇಕೆ ಹಾಕುವ ನಾವೂ ಇದನ್ನು ಮರೆಯಲಾಗದು.