ಸ್ವಂತ ಸರ್ವರ್‌ಗೆ ಹೋದರೂ ಹಳೇ ವಿಳಾಸ ಉಳಿಸಿಕೊಳ್ಳೋದು

ಪುಣೆಯಿಂದ ಮಾತಾಡ್ತಿದ್ದೀನಿ. ಇವತ್ತು ನಾನೇ ಮಾಡಿದ ಒಂದು ಎಡವಟ್ಟಿನ ಕಥೆ. ಸೈಟನ್ನು ಸ್ವಂತ ಸರ್ವರ್‌ಗೆ ಸಾಗಿಸಬೇಕು ಅಂದ್ಕೊಂಡಿರೋರಿಗೆ ಉಪಯೋಗ ಆಗಬಹುದು.

ಸಾಗರದ ಹತ್ತಿರ ನಮ್ಮ ಅಡಿಕೆ ತೋಟ. ಅಪ್ಪ ಹತ್ತು ವರ್ಷದಿಂದ ತೋಟದ ಪದಗಳನ್ನು ಬರೆದಿಡ್ತಿದ್ದಾರೆ. ಕೊನೆಗೌಡ, ಮೆಟ್ಟುಗತ್ತಿ, ಚೊಗರು ಹೀಗೆ ಪದಕ್ಕೊಂದು ಪುಟ, ಜೊತೆಗೆ ಫೋಟೊ. ಒಟ್ಟು 140 ಪುಟ, ಎಲ್ಲ ಬ್ಲಾಗ್‌ಸ್ಪಾಟ್‌ನಲ್ಲಿ. ಡೊಮೇನ್ ಮಾತ್ರ ನಮ್ಮದೇ, ನಾನು ಕೊಂಡು ಜೋಡಿಸಿಕೊಟ್ಟಿದ್ದೆ. ಆಮೇಲೆ ಅವರು ಸ್ವಂತ ಖರ್ಚಲ್ಲಿ 300 ಪ್ರತಿ ಪುಸ್ತಕ ಮಾಡಿಸಿದರು. ಪ್ರತಿ ಪದದ ಕೆಳಗೆ ಒಂದು ಕ್ಯೂಆರ್ ಕೋಡ್.

ಒಂದು ವೀಕೆಂಡ್ ಕೂತು ಎಲ್ಲವನ್ನೂ ಬಾಡಿಗೆ ಸರ್ವರ್ ಒಂದಕ್ಕೆ, ಹ್ಯೂಗೊಗೆ ಸಾಗಿಸಿದೆ. ಎಂಟೆಕ್ ಮಾಡಿದೋನು, ಇಷ್ಟೂ ಬರಲ್ವಾ ಅನ್ನೋ ಧೈರ್ಯ. ಬ್ಲಾಗ್‌ಸ್ಪಾಟ್ ಕನ್ನಡ ಶೀರ್ಷಿಕೆಯಿಂದ ವಿಳಾಸ ಮಾಡಲ್ಲ ನೋಡಿ. ವರ್ಷ, ತಿಂಗಳು, ಆಮೇಲೆ 'ಬ್ಲಾಗ್-ಪೋಸ್ಟ್' ಅಂತ ಬರೆದು ಹಿಂದೆ ಒಂದು ನಂಬರ್ ಅಂಟಿಸುತ್ತೆ. ನೋಡೋಕೆ ಅಸಹ್ಯ ಅನ್ನಿಸ್ತು. ಎಲ್ಲಕ್ಕೂ ಚಂದದ ಕನ್ನಡ ವಿಳಾಸ ಕೊಟ್ಟೆ.

ಸೋಮವಾರ ಅಪ್ಪನ ಫೋನು. "ಪುಸ್ತಕದಲ್ಲಿರೋ ಚೌಕ ಸ್ಕ್ಯಾನ್ ಮಾಡಿದ್ರೆ ಎಂತದೂ ಬರ್ತಿಲ್ಲ ಮಾರಾಯ. ಸೊಸೈಟಿ ಹತ್ರ ನಾಲ್ಕು ಜನಕ್ಕೆ ತೋರ್ಸೋಕೆ ಹೋಗಿ ಮುಖ ಸಣ್ಣ ಆಯ್ತು."

404! ಅವರು ಬೈಯ್ಯಲಿಲ್ಲ. ಉಳಿದ ಪ್ರತಿಗಳಿಗೆ ಹೊಸ ಚೌಕ ಪ್ರಿಂಟ್ ಹಾಕಿಸಿ ಅಂಟಿಸ್ಲಾ ಅಂತ ಕೇಳಿದರು. ಬೈದಿದ್ರೇ ವಾಸಿಯಿತ್ತು. ಹಂಚಿಬಿಟ್ಟ ಪ್ರತಿಗಳಿಗೆ ಏನು ಅಂಟಿಸೋದು?

ಸರಿಪಡಿಸೋಕೆ ಆಗಿದ್ದು ಡೊಮೇನ್ ನಮ್ಮದಾಗಿದ್ದರಿಂದ. ಬರೀ ಬ್ಲಾಗ್‌ಸ್ಪಾಟ್ ವಿಳಾಸ ಇದ್ದಿದ್ದರೆ ಆ ಸರ್ವರ್ ನಮ್ಮ ಕೈಯಲ್ಲಿಲ್ಲ. ಹಾಗಾಗಿ ಈಗಲೂ ಉಚಿತ ವಿಳಾಸದಲ್ಲಿರೋರು ಮೊದಲು ಅಲ್ಲೇ ಸ್ವಂತ ಡೊಮೇನ್ ಜೋಡಿಸಿ, ಕೆಲವು ತಿಂಗಳು ಹಾಗೇ ಬಿಡಿ. ಹಳೇ ವಿಳಾಸಕ್ಕೆ ಬಂದವರನ್ನ ಅದೇ ಹೊಸದಕ್ಕೆ ಕಳಿಸುತ್ತೆ. ಜನಕ್ಕೂ ಗೂಗಲ್‌ಗೂ ಹೊಸ ಹೆಸರು ಅಭ್ಯಾಸ ಆದ ಮೇಲೆ ಸರ್ವರ್ ಬದಲಿಸಿ.

ನನಗೆ ಮೊದಲು ಹೊಳೆದಿದ್ದು 301, ಅಂದರೆ 'ಕಾಯಂ ಆಗಿ ಸ್ಥಳ ಬದಲಾಗಿದೆ' ಅನ್ನೋ ಉತ್ತರ. ಎಂಜಿನ್‌ಎಕ್ಸ್‌ನಲ್ಲಿ ಹಳೇದು-ಹೊಸದು ಪಟ್ಟಿ ಬರೆಯೋಕೆ ಕೂತೆ. ಹ್ಯೂಗೊದ ಏಲಿಯಾಸ್ ನಿಜವಾದ 301 ಅಲ್ಲ, ಪುಟ ತೆರೆದ ಮೇಲೆ ಬೇರೆ ಕಡೆ ಹಾರಿಸೋ ಎಚ್‌ಟಿಎಂಎಲ್ ಅಷ್ಟೇ. ಅರ್ಧ ಪಟ್ಟಿ ಆಗೋ ಹೊತ್ತಿಗೆ ಅನ್ನಿಸ್ತು: ಇಷ್ಟೆಲ್ಲ ಯಾಕೆ? ಹಳೇ ವಿಳಾಸವನ್ನೇ ಇಟ್ಟುಕೊಂಡರೆ ಯಾರ ಗಂಟು ಹೋಗುತ್ತೆ? ಪ್ರತಿ ಫೈಲಿನ ತಲೆಯಲ್ಲಿ ಹಳೇ ಯುಆರ್‌ಎಲ್ ಬರೆದೆ. ಮುಗೀತು. ನನ್ನ ಚಂದದ ಕನ್ನಡ ವಿಳಾಸಗಳೂ ಕಾಪಿ ಮಾಡಿ ವಾಟ್ಸಾಪಲ್ಲಿ ಹಾಕಿದರೆ ಪರ್ಸೆಂಟ್ ಚಿಹ್ನೆಗಳ ಸಾಲಾಗ್ತಿದ್ದವು. 'ಚೊಗರು' ಒಂದೇ ಪದ 45 ಕ್ಯಾರೆಕ್ಟರ್! ಆದರೂ ಆ ಎರಡು ದಿನದಲ್ಲಿ ಯಾರಾದರೂ ಹಂಚಿದ್ದರೆ ಅಂತ ಅವುಗಳಿಂದ ಹಳೇ ವಿಳಾಸಕ್ಕೆ 301 ಹಾಕಿದ್ದೀನಿ.

ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನ ಬರೆದಿದ್ದರು: ಒಳ್ಳೇ ವಿಳಾಸ ಬದಲಾಗಲ್ಲ ಅಂತ. ಓದಿದ್ದೆ ಕೂಡ.

ಇನ್ನು ಕಣ್ತಪ್ಪೋ ಜಾಗಗಳು. ಮೊಬೈಲಿಂದ ಹಂಚಿದ ಬ್ಲಾಗ್‌ಸ್ಪಾಟ್ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, 'ಎಂ ಈಕ್ವಲ್ಸ್ 1' ಅಂತ ಇರುತ್ತೆ. ಅದರ ಸಮೇತ ಪರೀಕ್ಷೆ ಮಾಡಿ. ಫೀಡ್ ವಿಳಾಸಾನೂ ಹಳೇದೇ ಇರಲಿ. ಫೋಟೊಗಳಂತೂ ಪುಟ ಸಾಗಿಸಿದ ಮೇಲೂ ಗೂಗಲ್ ಸರ್ವರಿಂದಲೇ ಬರ್ತಿರ್ತವೆ, ಗೊತ್ತೇ ಆಗಲ್ಲ. ಇಳಿಸಿಕೊಂಡು ನಿಮ್ಮ ಹತ್ರ ಇಟ್ಕೊಳ್ಳಿ. ಡಿಎನ್‌ಎಸ್ ಬದಲಿಸೋ ಮುಂಚೆ ಟಿಟಿಎಲ್ 86400 ಸೆಕೆಂಡ್ ಇದ್ದರೆ, ಒಂದು ದಿನ ಮೊದಲೇ 300ಕ್ಕೆ ಇಳಿಸಿ.

ಡೊಮೇನ್ ನವೀಕರಣ ಆಟೊ ಇದೆ ಅಂತ ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಲ್ಲಿ ಆರ್‌ಬಿಐ ನಿಯಮ ಬಿಗಿಯಾದ ಮೇಲೆ ಎಷ್ಟೋ ಆಟೊ ಪೇಮೆಂಟ್ ನಮ್ಮ ಕಾರ್ಡಲ್ಲಿ ನಿಂತುಹೋದವು. ನಾನು ಕ್ಯಾಲೆಂಡರಲ್ಲಿ ಹಾಕಿಟ್ಟು ಕೈಯಾರೆ ಕಟ್ತೀನಿ.

ಸಾಗಿಸೋ ಮುಂಚೆ ಹಳೇ ಸೈಟ್‌ಮ್ಯಾಪಿಂದ ಎಲ್ಲ ವಿಳಾಸ ತೆಗೆದಿಟ್ಕೊಳ್ಳಿ. ಆಮೇಲೆ ಪ್ರತಿಯೊಂದಕ್ಕೂ 200 ಬರುತ್ತಾ ನೋಡೋ ಐದು ಸಾಲಿನ ಸ್ಕ್ರಿಪ್ಟ್ ಸಾಕು. ನನ್ನದು 140ರಲ್ಲಿ 139 ಪಾಸಾಯ್ತು. ಉಳಿದ ಒಂದು, ಅಪ್ಪ ಯಾವತ್ತೋ ತಾವೇ ಅಳಿಸಿದ್ದ ಪುಟ. ಪುಸ್ತಕದಲ್ಲಿ ಅದರ ಚೌಕವೂ ಇದೆ. ಈ ಭಾನುವಾರ ಫೋನಲ್ಲಿ ಹೇಳ್ತಾರಂತೆ, ನಾನು ಟೈಪ್ ಮಾಡ್ಕೋಬೇಕು.