ಒಂದೇ ಅಡುಗೆ, ಎರಡು ಒಲೆ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಪಗಾರದ ಮಾತನ್ನಾಗಲಿ ರಜೆಯ ಮಾತನ್ನಾಗಲಿ ಎತ್ತುವುದಿಲ್ಲ. ಮೊಬೈಲಿನೊಳಗಿನ ಆ್ಯಪುಗಳನ್ನೂ ಆಟಗಳನ್ನೂ ಮಾಡುವ ಕಸಬಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅದು ನಮಗೇಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದಂತೆ ಕೇಳಿಸಿತು. ನಮ್ಮವರ ಮಕ್ಕಳಲ್ಲಿ ಹಲವರು ಈಗ ಇದೇ ಕಸಬು ಕಲಿಯಬೇಕೆನ್ನುತ್ತಾರೆ. ತಂದೆಯಾದವನು ಪ್ರಾವಿಡೆಂಟ್ ಫಂಡಿನ ಹಣ ತೆಗೆದು ಕ್ಲಾಸಿಗೆ ಕಟ್ಟುತ್ತಾನೆ. ಕಟ್ಟುವ ಮೊದಲು ಕಸಬಿನ ಒಳಹೊರಗು ತಿಳಿದಿರಲಿ ಎಂಬುದಷ್ಟೇ ನಮ್ಮ ಉದ್ದೇಶ.

ಕಸಬು ಒಳ್ಳೆಯದೇ. ಪುಣೆಯಲ್ಲೇ ಇರುವ ಸೂಪರ್‌ಗೇಮಿಂಗ್ ಎಂಬ ಕಂಪನಿ ಮಾಸ್ಕ್‌ಗನ್, ಸಿಲ್ಲಿ ರಾಯಲ್ ಎಂಬ ಆಟಗಳನ್ನು ಮಾಡಿ, 2024ರ ಅಕ್ಟೋಬರಿನಲ್ಲಿ ಇಂಡಸ್ ಎಂಬ ದೊಡ್ಡ ಆಟವನ್ನು ಆಂಡ್ರಾಯ್ಡಿಗೂ ಐಫೋನಿಗೂ ಹೊರತಂದಿತು. ಎರಡಕ್ಕೂ ಒಟ್ಟಿಗೆ ತರುವುದು ಸಣ್ಣ ಕೆಲಸವಲ್ಲ. ಕೊರಿಯಾ ದೇಶದ ಕ್ರಾಫ್ಟನ್ ಎಷ್ಟು ದೊಡ್ಡ ಕಂಪನಿ! ಅದರ ಬ್ಯಾಟಲ್‌ಗ್ರೌಂಡ್ಸ್ ಆಟ 2021ರ ಜುಲೈ 2ರಂದು ನಮ್ಮ ದೇಶದ ಆಂಡ್ರಾಯ್ಡ್ ಫೋನುಗಳಿಗೆ ಬಂತು; ಐಫೋನಿಗೆ ಬರುವಷ್ಟರಲ್ಲಿ ಆಗಸ್ಟ್ ತಿಂಗಳು ಅರ್ಧ ಕಳೆದಿತ್ತು.

ಏಕೆಂದರೆ ಹೋಟೆಲಿನ ಮಾತಿನಲ್ಲೇ ಹೇಳುತ್ತೇವೆ. ಒಂದೇ ಸಾಂಬಾರನ್ನು ಎರಡು ಅಡುಗೆಮನೆಗಳಲ್ಲಿ ಮಾಡಬೇಕಾಗಿದೆ ಎಂದು ತಿಳಿಯಿರಿ. ಒಂದರಲ್ಲಿ ಗ್ಯಾಸು, ಇನ್ನೊಂದರಲ್ಲಿ ಕರೆಂಟಿನ ಒಲೆ. ಪಾತ್ರೆ ಬೇರೆ, ಅಳತೆ ಬೇರೆ. ಗಿರಾಕಿಯ ನಾಲಿಗೆಗೆ ಮಾತ್ರ ರುಚಿ ಒಂದೇ ಇರಬೇಕು. ಆಂಡ್ರಾಯ್ಡ್ ಗೂಗಲ್‌ನವರದು, ಅದಕ್ಕೆ ಜಾವಾ ಇಲ್ಲವೆ ಕೋಟ್ಲಿನ್ ಎಂಬ ಭಾಷೆಯಲ್ಲಿ ಬರೆಯುತ್ತಾರೆ. ಐಫೋನು ಆಪಲ್‌ನವರದು, ಅದರ ಭಾಷೆ ಸ್ವಿಫ್ಟ್. ಐಫೋನಿನ ಮಾಲು ತಯಾರಿಸಲು ಆಪಲ್‌ನ ಕಂಪ್ಯೂಟರೇ ಆಗಬೇಕು. ಅಂಗಡಿಯಲ್ಲಿ ಮಾಲು ಇಡುವುದಕ್ಕೆ ಗೂಗಲ್ ಒಂದೇ ಸಲ 25 ಡಾಲರ್ ತೆಗೆದುಕೊಂಡರೆ ಆಪಲ್ ವರ್ಷವರ್ಷವೂ 99 ಡಾಲರ್ ಕೇಳುತ್ತದೆ. ನಮ್ಮ ದೇಶದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಫೋನುಗಳು ಆಂಡ್ರಾಯ್ಡಿನವು. ಆದರೆ ಹಣ ಕೊಟ್ಟು ಕೊಳ್ಳುವ ಗಿರಾಕಿ ಐಫೋನಿನ ಕಡೆಯೇ ಹೆಚ್ಚು. ಹೀಗಾಗಿ ಯಾವ ಒಲೆಯನ್ನೂ ಆರಿಸುವಂತಿಲ್ಲ.

ಒಲೆಗಳು ಎಂದೂ ಎರಡೇ ಆಗಿರಲಿಲ್ಲ. ನೋಕಿಯಾದ ಸಿಂಬಿಯನ್ ಇತ್ತು, ಬ್ಲ್ಯಾಕ್‌ಬೆರಿ ಇತ್ತು, ಮೈಕ್ರೋಸಾಫ್ಟಿನ ವಿಂಡೋಸ್ ಫೋನು 2010ರಲ್ಲಿ ಬಂತು. ಇವೆಲ್ಲ ಒಂದೊಂದಾಗಿ ತಣ್ಣಗಾದವು. ವಿಂಡೋಸಿನ ಮೊಬೈಲಿಗೆ 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೊನೆಯ ನೀರು ಬಿಟ್ಟಿತು.

ಇಲ್ಲಿ ನಮ್ಮವರದೇ ಒಂದು ಸಂಗತಿ ಹೇಳಬೇಕು. ಕಾಫಿ ಮಾಡುವ ಕೆಲಸದಲ್ಲಿದ್ದ ನಮ್ಮ ಸದಸ್ಯರೊಬ್ಬರು 2014ರಲ್ಲಿ ಸಾಲ ಮಾಡಿ ಮಗನನ್ನು ಒಂದು ಕ್ಲಾಸಿಗೆ ಸೇರಿಸಿದರು. ವಿಂಡೋಸ್ ಫೋನಿಗೆ ಮುಂದೆ ಬಹಳ ಬೇಡಿಕೆ ಬರುತ್ತದೆಂದು ಕ್ಲಾಸಿನವರು ಹೇಳಿದ್ದರು. ಕ್ಲಾಸಿನ ಹೆಸರು ನಮಗೆ ಬೇಡ. ಹುಡುಗ ಕಲಿತು ಹೊರಬೀಳುವ ಹೊತ್ತಿಗೆ ಆ ಫೋನು ಕೊಳ್ಳುವವರೇ ಕಡಿಮೆಯಾಗಿದ್ದರು. ಎರಡು ವರ್ಷ ಅಲೆದ. ತಂದೆ ರಾತ್ರಿ ಪಾಳಿಯನ್ನೂ ಹಿಡಿದು ಬಡ್ಡಿ ಕಟ್ಟಿದರು. ಕೊನೆಗೆ ಅವನನ್ನು ಕಾಪಾಡಿದ್ದು ಒಂದೇ: ಆ ಕ್ಲಾಸಿನಲ್ಲಿ ಅವನು ಸಿ ಶಾರ್ಪ್ ಎಂಬ ಭಾಷೆಯನ್ನು ಚೆನ್ನಾಗಿ ಕಲಿತಿದ್ದ. ಯೂನಿಟಿ ಎಂಬ ಆಟ ಮಾಡುವ ಸಾಧನಕ್ಕೂ ಅದೇ ಭಾಷೆ. ಯೂನಿಟಿಯಲ್ಲಿ ಒಮ್ಮೆ ಮಾಡಿದ ಆಟವನ್ನು ಸ್ವಲ್ಪ ತಿದ್ದುಪಡಿಯೊಂದಿಗೆ ಎರಡೂ ಬಗೆಯ ಫೋನಿಗೆ ಇಳಿಸಬಹುದು. ಹುಡುಗ ಆ ದಾರಿಯಿಂದ ಕೆಲಸಕ್ಕೆ ಸೇರಿದ. ಒಲೆ ಹೋಯಿತು, ಕೈಯ ಹದ ಉಳಿಯಿತು. ಹಳೆಯ ಮಗ್ಗ ತೆಗೆದು ಹೊಸದನ್ನು ಕೂರಿಸಿದಾಗ ಯಾರು ಉಳಿದರು, ಯಾರು ಮನೆಗೆ ಹೋದರು ಎಂಬುದನ್ನು ಕಂಡ ಗಿರಣಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಕ್ಲಾಸಿನವರನ್ನು ಮೊದಲು ಕೇಳಬೇಕಾದದ್ದು ಇದು: ನೀವು ಕಲಿಸುವುದು ಒಂದೇ ಕಂಪನಿಯ ಫೋನಿಗೆ ಸಲ್ಲುತ್ತದೆಯೋ, ಆ ಫೋನು ಹೋದರೂ ಉಳಿಯುತ್ತದೆಯೋ?

ಇನ್ನು ಗಲ್ಲಾದ ವಿಷಯ. ಇದರಲ್ಲಿ ನಮಗೆ ಸಿಟ್ಟೂ ಇದೆ. ಆ್ಯಪಿಗೆ ಗಿರಾಕಿ ನೂರು ರೂಪಾಯಿ ಕೊಟ್ಟರೆ 30 ರೂಪಾಯಿ ಅಂಗಡಿಯ ಮಾಲೀಕನಿಗೆ ಎಂಬ ಕಟ್ಟಳೆ 2008ರಲ್ಲಿ ಅಂಗಡಿ ತೆರೆದಾಗಲೇ ಬಂತು. ಬಹಳ ಕೂಗೆದ್ದ ಮೇಲೆ 2021ರಲ್ಲಿ ಸಣ್ಣ ಕಸಬುದಾರರಿಗೆ ಅದನ್ನು 15ಕ್ಕೆ ಇಳಿಸಿದರು. ಊಟ ತಲುಪಿಸುವ ಕಂಪನಿಗಳ ಕಮಿಷನ್ ಬಗ್ಗೆ ನಮ್ಮ ಧಣಿಗಳು ದಿನಾ ಗೊಣಗುತ್ತಾರಲ್ಲ, ಆ ಕಂಪನಿಗಳ ಆ್ಯಪು ಕೂತಿರುವುದೂ ಇನ್ನೊಬ್ಬರ ಜಗಲಿಯ ಮೇಲೆಯೇ! ಜಗಲಿಯವನು ಎಬ್ಬಿಸಿದರೆ ಏಳಬೇಕು. 2020ರ ಸೆಪ್ಟೆಂಬರ್ 18ರಂದು ಪೇಟಿಎಂ ಆ್ಯಪನ್ನೇ ಗೂಗಲ್ ಕೆಲವು ಗಂಟೆ ಅಂಗಡಿಯಿಂದ ಕೆಳಗಿಳಿಸಿತು. 2024ರ ಮಾರ್ಚ್ 1ರಂದು ಶುಲ್ಕದ ಜಗಳದಲ್ಲಿ ನೌಕರಿ ಹುಡುಕುವ ನೌಕ್ರಿ ಆ್ಯಪೂ ಮಾಯವಾಯಿತು; ಸರಕಾರ ನಡುವೆ ಬಂದ ಮೇಲೆ ಹಿಂತಿರುಗಿತು. ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ ಎರಡು ಸಲ ದಂಡ ಹಾಕಿತು: ಮೊದಲು 1,337.76 ಕೋಟಿ, ವಾರದೊಳಗೆ ಮತ್ತೆ 936.44 ಕೋಟಿ ರೂಪಾಯಿ. ಎರಡನೆಯದನ್ನು ಮೇಲ್ಮನವಿಯಲ್ಲಿ 2025ರಲ್ಲಿ ಬಹಳ ಇಳಿಸಲಾಯಿತು. ಪೇಟಿಎಂ, ನೌಕ್ರಿಗಳಿಗೆ ವಕೀಲರಿದ್ದಾರೆ, ಮಂತ್ರಿಗಳ ಬಾಗಿಲು ತೆರೆಯುತ್ತದೆ. ಭೋಸರಿಯ ಒಂದು ಕೋಣೆಯಲ್ಲಿ ಕೂತು ಆಟ ಮಾಡಿದ ಹುಡುಗನಿಗೆ ಯಾರಿದ್ದಾರೆ?

ಹಣ ಕಟ್ಟಿ ಆಡುವ ಆಟಗಳ ಬಗ್ಗೆ ಒಂದೇ ಮಾತು. ರಮ್ಮಿಯಲ್ಲಿ ಪಗಾರ ಕಳೆದುಕೊಂಡವರು ಈ ಸಭೆಯಲ್ಲೂ ಇರಬಹುದು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅವನ್ನು ನಿಷೇಧಿಸುವ ಕಾನೂನು ಮಾಡಿತು. ಅಂಥ ಆಟ ಮಾಡಲು ಕಲಿಸುತ್ತೇವೆ ಎನ್ನುವವರ ಹೊಸ್ತಿಲು ತುಳಿಯಬೇಡಿ.

ಕೊನೆಯದಾಗಿ ಸಂಘದಿಂದ ಆಗಬಹುದಾದ ಒಂದು ಕೆಲಸವಿದೆ. 2023ರ ನವೆಂಬರಿನ ನಂತರ ಸ್ವಂತ ಹೆಸರಿನಲ್ಲಿ ಗೂಗಲ್‌ನ ಖಾತೆ ತೆರೆದವರು ಆ್ಯಪನ್ನು ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು ಕೆಲವರ ಕೈಯಲ್ಲಿ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಮೊದಲು 20 ಜನ ಎಂದಿತ್ತು, 2024ರ ಡಿಸೆಂಬರಿನಲ್ಲಿ 12 ಮಾಡಿದರು. ಒಂಟಿ ಹುಡುಗರಿಗೆ ಈ 12 ಜನ ಸಿಗದೆ ದುಡ್ಡು ಕೊಟ್ಟು ಜನ ತರುವ ಪರಿಸ್ಥಿತಿ ಬಂದಿದೆ. ನಮ್ಮ ಒಂದೊಂದು ಹೋಟೆಲಿನ ಅಡುಗೆಮನೆಯಲ್ಲೇ 12 ಜನರಿದ್ದೇವೆ! ಅದೂ ಅಲ್ಲದೆ, ಆಂಡ್ರಾಯ್ಡ್ ಫೋನುಗಳಲ್ಲಿ 2015ರಲ್ಲೇ 24,000 ಬಗೆ ಎಣಿಸಿದ್ದರು. ಹೊಸ ದುಬಾರಿ ಫೋನಿನಲ್ಲಿ ಓಡುವ ಆಟ ನಮ್ಮ ಒಡೆದ ಗಾಜಿನ ಅಗ್ಗದ ಫೋನಿನಲ್ಲಿ ತಡವರಿಸಿ ನಿಲ್ಲುತ್ತದೆ; ಅದನ್ನು ಮೊದಲೇ ಕಂಡುಹಿಡಿಯಲು ನಮ್ಮ ಫೋನುಗಳೇ ಬೇಕು. ನಮ್ಮ ಸದಸ್ಯರ ಮಕ್ಕಳಿಬ್ಬರು ಕನ್ನಡ ಅಕ್ಷರಗಳ ಒಂದು ಸಣ್ಣ ಆಟ ಸಿದ್ಧಮಾಡಿಟ್ಟುಕೊಂಡಿದ್ದಾರೆ. ಬರುವ ಭಾನುವಾರ ಮಧ್ಯಾಹ್ನ, ಊಟದ ಪಾಳಿ ಮುಗಿದ ಮೇಲೆ, ಫೋನು ಇರುವವರು ಸಂಘದ ಕೋಣೆಗೆ ಬನ್ನಿ. ಹೆಸರು ಬರೆಸಿದವರು 14 ದಿನದ ನಡುವೆ ಆ ಆಟವನ್ನು ಫೋನಿನಿಂದ ಅಳಿಸಬಾರದು. ಗಿರಣಿಯ ರಾತ್ರಿ ಪಾಳಿಯವರಿಗೆ ಸಂಜೆ ಬೇರೆ ಹೊತ್ತು ಇಟ್ಟಿದ್ದೇವೆ. ಚಾರ್ಜು ಮಾಡಿಕೊಂಡು ಬನ್ನಿ, ಕೋಣೆಯಲ್ಲಿ ಪ್ಲಗ್ಗು ಇರುವುದು ಎರಡೇ.